ಆನೇಕಲ್ ಶಾಲೆಗಳಿಗೆ ವಿಕಿಪೀಡಿಯದಲ್ಲಿ ಜಾಗ ಇದೆಯಾ?

ಹಳದಿ ಮೆಟ್ರೊ ಹತ್ತಿದ್ದೀರಾ? 2025ರ ಆಗಸ್ಟ್‌ನಲ್ಲಿ ಶುರುವಾದ ಈ ಮಾರ್ಗದಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳಿವೆ. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಬರೋ ಹೆಸರುಗಳನ್ನ ಸ್ವಲ್ಪ ಗಮನಿಸಿ. ಇನ್ಫೊಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಹುಸ್ಕೂರು ರಸ್ತೆ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಮೂರು ಕಡೆ ಕಂಪನಿ ಮುಂದೆ, ಊರು ಹಿಂದೆ. ಫೋನಲ್ಲಿ ಹುಡುಕಿದರೂ ಇದೇ ಕ್ರಮ. ಕಂಪನಿ ಮೊದಲು, ಆಮೇಲೆ ಅಪಾರ್ಟ್‌ಮೆಂಟು, ಆಮೇಲೆ ಬಿರಿಯಾನಿ, ಕೊನೆಗೆ ಊರು. ಊರಿನ ಸರ್ಕಾರಿ ಶಾಲೆ ಬೇಕಿದ್ದರೆ ನಕ್ಷೆಯಲ್ಲಿ ಒಂದು ಚುಕ್ಕೆ ಸಿಗಬಹುದು, ಅದಕ್ಕೆ ಯಾರೋ ಕೊಟ್ಟ ಮೂರು ಸ್ಟಾರ್ ಕೂಡ.

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವವನು. ವಾರಾಂತ್ಯಕ್ಕೆ ಕನ್ನಡ ವಿಕಿಪೀಡಿಯ ತಿದ್ದುವ ಹುಚ್ಚು ಬೇರೆ. ನಮ್ಮ ಆಫೀಸಿನವರು ವರ್ಷಕ್ಕೊಮ್ಮೆ ಆನೇಕಲ್ ತಾಲೂಕಿನ ಒಂದು ಹಳ್ಳಿ ಶಾಲೆಗೆ ಬಣ್ಣ ಹೊಡೆಯೋಕೆ ಹೋಗ್ತೀವಿ. ಅಲ್ಲಿನ ಹೆಡ್ ಮೇಡಂಗೆ ನನ್ನ ಈ ಹುಚ್ಚಿನ ವಿಷಯ ಯಾರೋ ಹೇಳಿದ್ದಾರೆ. ಒಂದು ದಿನ ಫೋನ್ ಮಾಡಿದರು. "ಸರ್, ನಮ್ ಶಾಲೆ ವಿಕಿಪೀಡಿಯದಲ್ಲಿ ಬರೋ ಹಾಗೆ ಮಾಡಕ್ಕಾಗುತ್ತಾ? ನಮ್ದೊಂದೇ ಬೇಡ, ಆನೇಕಲ್ ತಾಲೂಕಿನ ಎಲ್ಲಾ ಶಾಲೆ ಸೇರಿಸಿ ಒಂದು ಪುಟ ಆದ್ರೂ ಸಾಕು."

ಯಾಕೆ ಮೇಡಂ ಅಂತ ಕೇಳಿದೆ. "ಈಗಿನ ಅಪ್ಪ ಅಮ್ಮ ಮೊದ್ಲು ಫೋನ್ ನೋಡ್ತಾರೆ ಸರ್. ಅದರಲ್ಲಿ ಇಲ್ಲ ಅಂದ್ರೆ ಶಾಲೆನೇ ಇಲ್ಲ ಅಂದ್ಕೊತಾರೆ. ಮಕ್ಕಳು ಕಮ್ಮಿ ಆದ್ರೆ ಪಕ್ಕದ ಶಾಲೆಗೆ ಸೇರಿಸಿಬಿಡ್ತಾರೆ."

ಫೋನಲ್ಲೇ ಹೌದು, ಇಲ್ಲ ಅಂದು ಮುಗಿಸುವಂಥ ಪ್ರಶ್ನೆ ಇದಲ್ಲ. ಹೋಗಿ ನೋಡಿಯೇ ಹೇಳೋಣ ಅಂತ ಒಂದು ಶನಿವಾರ ಸ್ಕೂಟರ್ ತೆಗೆದೆ. ನಮಗೆ ರಜೆ, ಅವರಿಗೆ ಬೆಳಗಿನ ಶಾಲೆ.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಅದರ ಹಿಂದೆ ಇದ್ದದ್ದು ಆರ್.ಕೆ. ಬಾಳಿಗರ ಕನಸು. ಆ ಎರಡು ಊರು ಬೆಂಗಳೂರು ದಕ್ಷಿಣ ತಾಲೂಕಿನವು. ಹೊಸೂರು ರಸ್ತೆಯಲ್ಲಿ ಇನ್ನೊಂಚೂರು ಮುಂದೆ, ಹೆಬ್ಬಗೋಡಿಯಿಂದ ಆನೇಕಲ್ ತಾಲೂಕು. ಕಸಬಾ, ಅತ್ತಿಬೆಲೆ, ಜಿಗಣಿ, ಸರ್ಜಾಪುರ ಅಂತ ನಾಲ್ಕು ಹೋಬಳಿ. ಈ ನಾಲ್ಕರ ಹೆಸರು ಕೇಳಿದರೆ ನಮ್ಮಂಥವರಿಗೆ ನೆನಪಾಗೋದು ಫ್ಯಾಕ್ಟರಿ, ಟೋಲ್, ಟ್ರಾಫಿಕ್ಕು ಮತ್ತು ಫ್ಲ್ಯಾಟಿನ ಜಾಹೀರಾತು.

ಚಂದಾಪುರದಲ್ಲಿ ಬಲಕ್ಕೆ ತಿರುಗಬೇಕು. ಶೇರ್ ಆಟೊ, ಬಿಎಂಟಿಸಿ, ತಮಿಳುನಾಡು ಬಸ್ಸು, ಎಲ್ಲ ಒಂದೇ ಕಡೆ ನುಗ್ಗುವ ಜಾಗ ಅದು. ಇಲ್ಲಿನ ಕೆರೆ ಸುದ್ದಿಯಲ್ಲಿದ್ದದ್ದು ನಿಮಗೆ ನೆನಪಿರಬಹುದು. ಕೆರೆ ಮಲಿನವಾಗಿದ್ದಕ್ಕೆ ಹಸಿರು ನ್ಯಾಯಮಂಡಳಿ 2022ರಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರದ ಹೊಣೆ ಹೊರಿಸಿತ್ತು. ಹುಸ್ಕೂರಿನ ಮದ್ದೂರಮ್ಮ ಜಾತ್ರೆಯ ಎತ್ತರದ ತೇರು 2024ರಲ್ಲಿ ವಾಲಿ ಬಿದ್ದಾಗ ಆ ವಿಡಿಯೊ ದೇಶದ ತುಂಬಾ ಓಡಾಡಿತು. ಕೆರೆ ಚೆನ್ನಾಗಿದ್ದಷ್ಟು ಕಾಲ, ತೇರು ನೆಟ್ಟಗೆ ನಿಂತಷ್ಟು ವರ್ಷ ದೂರದವರು ಯಾರೂ ಇತ್ತ ನೋಡಲಿಲ್ಲ. ಈ ಮಾತು ಸುಮ್ಮನೆ ಹೇಳ್ತಿಲ್ಲ, ಮುಂದೆ ಬೇಕಾಗುತ್ತೆ.

ಚಂದಾಪುರ ದಾಟಿದರೆ ಆನೇಕಲ್ಲಿಗೆ ಹತ್ತು ಕಿಲೋಮೀಟರ್ ಆಸುಪಾಸು. ರಾಗಿ ಹೊಲ, ಪಕ್ಕದಲ್ಲೇ ಲೇಔಟಿನ ಕಮಾನು, ಮತ್ತೆ ರಾಗಿ ಹೊಲ. ಆನೇಕಲ್ಲು ಅಂದರೆ ಆಲಿಕಲ್ಲು ಅಂತ ಹಳೇ ಗೆಜೆಟಿಯರ್ ಹೇಳುತ್ತೆ, ಆನೆಗೂ ಅದಕ್ಕೂ ಸಂಬಂಧ ಇಲ್ಲವಂತೆ. ನಾನು ಹೋಗಬೇಕಿದ್ದ ಹಳ್ಳಿ ಪಟ್ಟಣಕ್ಕಿಂತ ಸ್ವಲ್ಪ ಮೊದಲೇ ಎಡಕ್ಕೆ ಸಿಗುತ್ತೆ.

ಶಾಲೆಯ ಗೋಡೆ ಮೇಲೆ ನಾವೇ ಬಳಿದ ಹಳದಿ ಬಣ್ಣ. ನಮ್ಮ ಕಂಪನಿಯ ಲೋಗೊ ಶಾಲೆಯ ಹೆಸರಿಗಿಂತ ಒಂದು ಗೇಣು ದೊಡ್ಡದಾಗಿದೆ. ಒಬ್ಬ ಹುಡುಗ ಓಡಿ ಬಂದು "ಸಾರ್, ಈ ಸಲ ಯಾವ ಕಂಪ್ನಿ?" ಅಂದ. ಅವನ ಲೆಕ್ಕದಲ್ಲಿ ಹೊರಗಿನಿಂದ ಬರೋರೆಲ್ಲ ಕಂಪನಿಗಳೇ.

ಮೇಡಂ ಬೀರುವಿನಿಂದ ದಾಖಲಾತಿ ಪುಸ್ತಕಗಳನ್ನ ತೆಗೆದು ಮೇಜಿನ ಮೇಲೆ ಇಟ್ಟರು. ತೀರಾ ಹಳೆಯದರಲ್ಲಿ ಇಸವಿಗಳೆಲ್ಲ ಕನ್ನಡ ಅಂಕಿಯಲ್ಲಿ, ಮುಟ್ಟಿದರೆ ಅಂಚು ಉದುರುತ್ತೆ. ಮಕ್ಕಳ ಹೆಸರಿನ ಕಾಲಂ ಮೇಲೆ ಒಂದು ರಟ್ಟು ಅಡ್ಡ ಇಟ್ಟು, "ಇದು ಬೇಡ, ಉಳಿದಿದ್ದು ನೋಡಿ ಸರ್" ಅಂದರು. ಆ ರಟ್ಟು ನನಗೆ ತುಂಬಾ ಇಷ್ಟವಾಯಿತು. ಡೇಟಾ ಪ್ರೈವೆಸಿ ಬಗ್ಗೆ ವರ್ಷ ವರ್ಷ ಟ್ರೈನಿಂಗ್ ಮುಗಿಸಿ ಸರ್ಟಿಫಿಕೇಟ್ ತಗೊಳ್ಳೋ ನಾವು ಇಷ್ಟು ಸರಳವಾಗಿ ಯೋಚಿಸಲ್ಲ.

ತಂದೆಯ ಉದ್ಯೋಗ ಅನ್ನೋ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದುತ್ತಾ ಹೋದೆ. ಬೇಸಾಯ, ಬೇಸಾಯ, ಬೇಸಾಯ, ನೇಯ್ಗೆ, ಬೇಸಾಯ. ಪುಟಗಟ್ಟಲೆ ಹೀಗೇ. ಒಂದು ಕಡೆ ಮೊದಲ ಸಲ "ಕಾರ್ಖಾನೆ" ಬರುತ್ತೆ. ಆಮೇಲೆ "ಡ್ರೈವರ್", "ಗಾರೆ ಕೆಲಸ". ಹೊಸ ಪುಸ್ತಕದಲ್ಲಿ "ಸೆಕ್ಯೂರಿಟಿ", "ಹೌಸ್ ಕೀಪಿಂಗ್", "ಡೆಲಿವರಿ". ಬೇಸಾಯ ಹುಡುಕಿ ತೆಗೀಬೇಕು. ಮಾತೃಭಾಷೆಯ ಕಾಲಂ ಮೊದಲಿಂದಲೂ ಬಣ್ಣ ಬಣ್ಣ. ಗಡಿ ತಾಲೂಕಲ್ಲವೇ, ಕನ್ನಡದ ಜೊತೆ ತೆಲುಗು, ತಮಿಳು, ಉರ್ದು. ಈಗ ಅದರ ಜೊತೆ ಹಿಂದಿ, ಒಡಿಯಾ, ಬಂಗಾಳಿ ಸೇರಿಕೊಂಡಿವೆ. ಹಿಂದೆ ಓದಿದ ಶಾಲೆ ಅನ್ನೋ ಜಾಗದಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಊರುಗಳು. ಶಾಲೆ ಬಿಟ್ಟ ಕಾರಣ ಅನ್ನೋ ಕೊನೆಯ ಕಾಲಂನಲ್ಲಿ ಒಂದೇ ಉತ್ತರ ಮತ್ತೆ ಮತ್ತೆ. ವಾಸಸ್ಥಳ ಬದಲಾವಣೆ. ಕಟ್ಟಡ ಮುಗಿಯಿತು, ಶೆಡ್ ಖಾಲಿ, ಮಗು ಬೇರೆ ಶಾಲೆಗೆ.

ಬೆಂಗಳೂರಿನ ಐಟಿ ಬಗ್ಗೆ ಎಷ್ಟೋ ಪುಸ್ತಕ ಬಂದಿವೆ. ಈ ಬೀರುವಿನಲ್ಲಿರುವಷ್ಟು ಚೊಕ್ಕವಾಗಿ ಆ ಕಥೆಯನ್ನ ಬೇರೆ ಎಲ್ಲೂ ನಾನು ಓದಿಲ್ಲ. ಆದರೆ ವಿಕಿಪೀಡಿಯಕ್ಕೆ ಇದರ ಒಂದು ಸಾಲೂ ನೇರವಾಗಿ ಹಾಕುವ ಹಾಗಿಲ್ಲ.

ಯಾಕೆ ಅಂದರೆ ಅಲ್ಲಿ "ಗಮನಾರ್ಹತೆ" ಅನ್ನೋ ನಿಯಮ ಇದೆ. ಒಂದು ವಿಷಯಕ್ಕೆ ಪ್ರತ್ಯೇಕ ಪುಟ ಬೇಕಿದ್ದರೆ ಅದಕ್ಕೆ ಸಂಬಂಧಪಡದ, ನಂಬಬಹುದಾದ ಮೂಲಗಳು ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ಒಳ್ಳೆಯದೋ ಮುಖ್ಯವಾದದ್ದೋ ಅಂತ ಅದು ಕೇಳೋದಿಲ್ಲ, ಬೇರೆಯವರು ಬರೆದಿದ್ದಾರಾ ಅಂತ ಮಾತ್ರ ಕೇಳುತ್ತೆ. ಕೆರೆಯ ಮಾತು, ತೇರಿನ ಮಾತು ಇಲ್ಲಿ ನೆನಪಿಸಿಕೊಳ್ಳಿ. ಶಾಲೆಯ ಸ್ವಂತ ದಾಖಲಾತಿ ಪುಸ್ತಕ ಶಾಲೆಯದ್ದೇ ಮೂಲ, ಪ್ರಕಟವಾದದ್ದೂ ಅಲ್ಲ. ಹಾಗಾಗಿ ಲೆಕ್ಕಕ್ಕಿಲ್ಲ. ನಮ್ಮ ಕಂಪನಿ ಬಣ್ಣ ಹೊಡೆದ ಸುದ್ದಿ ನಮ್ಮದೇ ಪತ್ರಿಕಾ ಪ್ರಕಟಣೆ, ಅದೂ ಲೆಕ್ಕಕ್ಕಿಲ್ಲ. ಇದು ಸರಿಯಾಗೇ ಇದೆ ಬಿಡಿ!

ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಾನೂನಿನ ಮಾನ್ಯತೆ ಇರುವ, ಜನ ವಾಸಿಸುವ ಊರು ಅಂದರೆ ಸಾಮಾನ್ಯವಾಗಿ ಪುಟಕ್ಕೆ ಅರ್ಹ. ಪ್ರೌಢಶಾಲೆಗಳಿಗೂ ಬಹಳ ಕಾಲ ಇಂಥದ್ದೇ ಒಂದು ರಿಯಾಯಿತಿ ಇತ್ತು. ಇದ್ದ ಮಾತ್ರಕ್ಕೆ ಶಾಲೆ ಗಮನಾರ್ಹ ಅಲ್ಲ ಅಂತ 2017ರಲ್ಲಿ ತೀರ್ಮಾನವಾಯಿತು. ಪ್ರಾಥಮಿಕ ಶಾಲೆಯ ಮಾಹಿತಿಯನ್ನ ಆ ಊರಿನ ಪುಟಕ್ಕೋ, ಅದು ಸೇರಿದ ಸ್ಕೂಲ್ ಡಿಸ್ಟ್ರಿಕ್ಟಿನ ಪುಟಕ್ಕೋ ಸೇರಿಸೋದು ಅಲ್ಲಿನ ವಾಡಿಕೆ. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟುಗಳಿವೆ. ಹೆಚ್ಚಿನವಕ್ಕೆ ಚುನಾಯಿತ ಮಂಡಳಿ ಇದೆ, ಎಷ್ಟೋ ಕಡೆ ತೆರಿಗೆ ಹಾಕುವ ಅಧಿಕಾರವೂ ಇದೆ. ಒಂಥರಾ ಪುಟ್ಟ ಸರ್ಕಾರ. ಜೋಳದ ಹೊಲದ ನಡುವೆ ಎರಡೇ ಶಾಲೆ ಇರೋ ಡಿಸ್ಟ್ರಿಕ್ಟಿಗೂ ಪುಟ ಸಿಗೋದು ಅದಕ್ಕೇ.

ನಮ್ಮಲ್ಲಿ ಹಾಗಲ್ಲ. ಕರ್ನಾಟಕದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಶಿರಸಿ, ಚಿಕ್ಕೋಡಿ, ಮಧುಗಿರಿ ಶಿಕ್ಷಣ ಇಲಾಖೆಯ ಕಣ್ಣಿಗೆ ಜಿಲ್ಲೆಗಳು. ಬೆಂಗಳೂರು ನಗರ ಅದರ ಲೆಕ್ಕದಲ್ಲಿ ಉತ್ತರ, ದಕ್ಷಿಣ ಅಂತ ಎರಡು. (ರಾಮನಗರಕ್ಕೆ ಈಚೆಗೆ ಇಟ್ಟ ಬೆಂಗಳೂರು ದಕ್ಷಿಣ ಅನ್ನೋ ಹೆಸರು ಬೇರೆ, ಇದು ಬೇರೆ. ಇದನ್ನ ಬಿಡಿಸೋಕೇ ವಿಕಿಪೀಡಿಯದಲ್ಲಿ ಒಂದು ಪುಟ ಬೇಕು!) ಜಿಲ್ಲೆಗೆ ಉಪನಿರ್ದೇಶಕರು, ಅವರ ಕೆಳಗೆ ತಾಲೂಕು ಮಟ್ಟದಲ್ಲಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಅದರ ಕೆಳಗೆ ಹತ್ತಾರು ಶಾಲೆಗಳ ಕ್ಲಸ್ಟರ್, ಅದಕ್ಕೊಬ್ಬರು ಸಿಆರ್‌ಪಿ. ಯಾರೂ ಚುನಾಯಿತರಲ್ಲ, ಯಾರೂ ತೆರಿಗೆ ಹಾಕಲ್ಲ. ಪ್ರತಿ ಶಾಲೆಗೆ ಯುಡೈಸ್ ಅನ್ನೋ 11 ಅಂಕಿಯ ಸಂಖ್ಯೆ ಇದೆ. ರಾಜ್ಯ, ಜಿಲ್ಲೆ, ಬ್ಲಾಕ್, ಊರು, ಶಾಲೆ ಎಲ್ಲವೂ ಆ ಸಂಖ್ಯೆಯೊಳಗೇ ಅಡಗಿವೆ. ಕೇಂದ್ರ ಸರ್ಕಾರದ ಕಂಪ್ಯೂಟರಿಗೆ ಮೇಡಂ ಶಾಲೆ ಚೆನ್ನಾಗಿ ಗೊತ್ತು. ಆದರೆ ಪಟ್ಟಿಯಲ್ಲಿರೋದು ಬೇರೆ, ಅದರ ಬಗ್ಗೆ ಯಾರಾದರೂ ಬರೆದಿರೋದು ಬೇರೆ.

ಹಾಗಂತ ನಮ್ಮ ಹಳ್ಳಿ ಬ್ಲಾಕುಗಳಿಗೆ ಯೋಗ್ಯತೆ ಇಲ್ಲ ಅಂತ ಅಲ್ಲ. ಹೆಗ್ಗಡದೇವನಕೋಟೆ ತಾಲೂಕನ್ನೇ ನೋಡಿ. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಸರ್ಕಾರಿ ಶಾಲಾ ಶಿಕ್ಷಕರು, ಯುನಿಸೆಫ್ ಬೆಂಬಲದಲ್ಲಿ 1995ರಲ್ಲಿ ಅಲ್ಲಿ ನಲಿ-ಕಲಿ ಶುರು ಮಾಡಿದರು. 2009ರ ಹೊತ್ತಿಗೆ ಅದು ರಾಜ್ಯವಿಡೀ ಹರಡಿತು. ಅದರ ಬಗ್ಗೆ ಸಂಶೋಧನೆಗಳಾಗಿವೆ, ವರದಿಗಳಿವೆ. ನಿಮ್ಮ ಮನೆಯಲ್ಲಿ ಸರ್ಕಾರಿ ಶಾಲೆಗೆ ಹೋದ ತಮ್ಮನೋ ತಂಗಿಯೋ ಇದ್ದರೆ ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿತದ್ದನ್ನ ಕೇಳಿ ನೋಡಿ. ಆ ತಾಲೂಕಿನ ಶಿಕ್ಷಣದ ಬಗ್ಗೆ ಪುಟ ಬರೆದರೆ ಯಾರೂ ತಕರಾರು ಮಾಡೋ ಹಾಗಿಲ್ಲ.

ಆನೇಕಲ್ಲಿನಲ್ಲಿ ನಲಿ-ಕಲಿಯಂಥ ಒಂದು ಘಟನೆ ಇಲ್ಲ. ಇಲ್ಲಿ ನಡೆದದ್ದು ನಿಧಾನವಾದ ಬದಲಾವಣೆ. ಗಡಿಯ ಬಹುಭಾಷೆ, ಬೇಸಾಯ ಹೋಗಿ ಕಾರ್ಖಾನೆ ಬಂದದ್ದು, ವಲಸೆ ಮಕ್ಕಳು, ಪಕ್ಕದಲ್ಲೇ ಎದ್ದ ಇಂಟರ್‌ನ್ಯಾಷನಲ್ ಸ್ಕೂಲುಗಳು. ನನ್ನ ಅಭಿಪ್ರಾಯ ಕೇಳಿದರೆ, ಮೇಡಂ ಶಾಲೆಗೆ ಈಗ ಒಂಟಿ ಪುಟ ನಿಲ್ಲೋದಿಲ್ಲ, ಆದರೆ ಆನೇಕಲ್ ತಾಲೂಕಿನ ಶಾಲಾ ಶಿಕ್ಷಣ ಅನ್ನೋ ಪುಟ ನಿಲ್ಲಬೇಕು. ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಒಂದೊಂದು ಹಳ್ಳಿಯಲ್ಲೂ ಎಷ್ಟು ಶಾಲೆ ಅಂತ ಇದೆ. ಅದು ಅಸ್ತಿಭಾರ ಮಾತ್ರ, ಮೇಲೆ ಗೋಡೆ ಏಳಬೇಕಾದರೆ ಪತ್ರಿಕೆಗಳ ವರದಿ, ಸಂಶೋಧನೆ ಬೇಕು. ತಮಾಷೆ ನೋಡಿ, ಶಿಕ್ಷಣವನ್ನೇ ಅಧ್ಯಯನ ಮಾಡುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮೊದಲು ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು, ಈಗ ಇದೇ ತಾಲೂಕಿನ ಸರ್ಜಾಪುರದ ಹತ್ತಿರ ಇದೆ. ಅಲ್ಲಿ ಓದುತ್ತಿರೋ ಯಾರಾದರೂ ಮುಂದಿನ ಪ್ರಬಂಧಕ್ಕೆ ಹತ್ತಿರದ ಒಂದು ಕ್ಲಸ್ಟರ್ ಆರಿಸಿಕೊಂಡರೆ ನಮ್ಮ ಅರ್ಧ ಕೆಲಸ ಮುಗೀತು.

ನನ್ನ ಟೀಮಿನ ಒಬ್ಬ ಗೆಳೆಯನಿಗೆ ಇದೆಲ್ಲ ವ್ಯರ್ಥ ಅನ್ನಿಸುತ್ತೆ. "ಮ್ಯಾಪಲ್ಲಿ ಇದ್ರೆ ಸಾಕು ಗುರು, ಯಾರ್ ಓದ್ತಾರೆ?" ಅಂತಾನೆ. ಮ್ಯಾಪು ಇವತ್ತು ಇರೋದನ್ನ ತೋರಿಸುತ್ತೆ. ಶಾಲೆ ಮುಚ್ಚಿ ಪಕ್ಕದ ಊರಿನದಕ್ಕೆ ಸೇರಿಸಿದ ಮೇಲೆ ಚುಕ್ಕೆಯೂ ಹೋಗುತ್ತೆ. ಹೆಬ್ಬಗೋಡಿಯಂಥ ಊರು ಹಳ್ಳಿ ಪಟ್ಟಿ ಬಿಟ್ಟು ನಗರದ ಪಟ್ಟಿಗೆ ಹೋಗಿ ಆಗಿದೆ. 2011ರ ಜನಗಣತಿ ಆದ ಮೇಲೆ ಮುಂದಿನದು 2027ರಲ್ಲಿ. ಆಗ ಇನ್ನೆಷ್ಟು ಹಳ್ಳಿಗಳ ಸಾಲು ಆ ಕೈಪಿಡಿಯಲ್ಲಿ ಉಳಿದಿರುತ್ತೋ ನೋಡಬೇಕು. ಹಳೇ ವಿದ್ಯಾರ್ಥಿಯೊಬ್ಬರು ಟಿಸಿ ನಕಲು ಬೇಕು ಅಂತ ಹತ್ತು ವರ್ಷದ ಮೇಲೆ ಹುಡುಕಿಕೊಂಡು ಬಂದರೆ, ಆ ಶಾಲೆ ಯಾವುದರಲ್ಲಿ ಸೇರಿತು ಅನ್ನೋ ಒಂದು ಸಾಲು ಎಲ್ಲಾದರೂ ಇರಬೇಡವೇ?

ಇದನ್ನೆಲ್ಲ ಮೇಡಂಗೆ ಹೇಳಿದೆ. ಪುಟ ಬಂದರೂ ಅದು ಜಾಹೀರಾತು ಆಗಲ್ಲ, ಅದನ್ನ ನೋಡಿ ಅಡ್ಮಿಶನ್ ಜಾಸ್ತಿ ಆಗುತ್ತೆ ಅಂತ ಮಾತು ಕೊಡಕ್ಕಾಗಲ್ಲ ಅಂತಲೂ ಹೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶತಮಾನೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ಮಾಡ್ಬೇಕು ಅಂತಿದೀವಿ ಸರ್. ಅದು ಆಗುತ್ತಾ?" ಅಂದರು. ಶಾಲೆಯೇ ಪ್ರಕಟಿಸಿದರೆ ಅದು ಸ್ವತಂತ್ರ ಮೂಲ ಅಲ್ಲ. ಆದರೆ ಇಸವಿ, ಕಟ್ಟಡ, ಜಾಗ ಕೊಟ್ಟವರು ಇಂಥ ವಿವರಗಳಿಗೆ ಬಳಸಬಹುದು. ಹಳೇ ವಿದ್ಯಾರ್ಥಿಗಳಿಂದ ನೆನಪು ಬರೆಸಿ, ತಂದೆಯ ಉದ್ಯೋಗದ ಕಾಲಂನ ಲೆಕ್ಕವನ್ನ ಹೆಸರಿಲ್ಲದೆ ಹತ್ತತ್ತು ವರ್ಷಕ್ಕೆ ವಿಂಗಡಿಸಿ ಹಾಕಿ ಅಂದೆ. ಸ್ಪ್ರೆಡ್‌ಶೀಟ್ ಕೆಲಸ ನನ್ನದು ಅಂತ ಒಪ್ಪಿಕೊಂಡು ಬಂದಿದ್ದೇನೆ. ಸಂಚಿಕೆ ನೋಡಿ ಪತ್ರಿಕೆಯವರು ಯಾರಾದರೂ ತಾವಾಗಿ ಬಂದು ಬರೆದರೆ ಅದು ಮೂಲ.

ತಾಲೂಕಿನ ಪುಟದ ಕರಡು ಸದ್ಯಕ್ಕೆ ನನ್ನ ಪ್ರಯೋಗಪುಟದಲ್ಲಿದೆ. ಆಡಳಿತದ ಭಾಗ ಒಂದು ಹಂತಕ್ಕೆ ಬಂದಿದೆ, ಇತಿಹಾಸದ ಭಾಗ ಬಹುತೇಕ ಖಾಲಿ. ನಿಮ್ಮಲ್ಲಿ ಅತ್ತಿಬೆಲೆ, ಸರ್ಜಾಪುರ, ಜಿಗಣಿ ಕಡೆಯವರಿದ್ದರೆ ಒಂದು ಕೆಲಸ ಮಾಡಿ. ಮನೆಯ ಟ್ರಂಕಿನಲ್ಲಿ, ಅಜ್ಜನ ಫೈಲಿನಲ್ಲಿ, ಊರಿನ ಗ್ರಂಥಾಲಯದಲ್ಲಿ ಆ ಕಡೆಯ ಶಾಲೆಗಳ ಬಗ್ಗೆ ಹಳೇ ಪತ್ರಿಕೆಯ ತುಣುಕು ಸಿಕ್ಕರೆ ಫೋಟೊ ತೆಗೆದಿಡಿ. ಪತ್ರಿಕೆಯ ಹೆಸರು, ತಾರೀಖು ಕಾಣೋ ಹಾಗೆ ತೆಗೀರಿ. ತಾರೀಖು ಇಲ್ಲದ ತುಣುಕು ಉಲ್ಲೇಖಕ್ಕೆ ಬರೋದು ಕಷ್ಟ.