ವಿದ್ಯೆಯ ಅಂಗಡಿಯಲ್ಲಿ ಎರಡು ಸೇರು

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಹೀನಾಧಿಕಮಾನೋನ್ಮಾನ. ಕೊಳ್ಳುವಾಗ ದೊಡ್ಡ ಸೇರಿನಿಂದಲೂ ಕೊಡುವಾಗ ಸಣ್ಣ ಸೇರಿನಿಂದಲೂ ಅಳೆಯುವುದು ವ್ರತಕ್ಕೆ ಕಳಂಕವೆಂಬುದು ಇದರ ತಾತ್ಪರ್ಯ. ವ್ಯಾಪಾರವೇ ವೃತ್ತಿಯಾಗಿರುವ ಶ್ರಾವಕರು ತಕ್ಕಡಿ ಹಿಡಿಯುವಾಗ ಈ ಮಾತನ್ನು ನೆನೆಯುವುದುಂಟು. ಮಗನಿಗೆ ವೈದ್ಯಕೀಯ ಸೀಟು ಬೇಕಾದ ದಿನ ನೆನೆಯುವರೇ ಎಂಬುದು ಸಂದೇಹ.

ಕಾಲೇಜುಗಳು ಪ್ರವೇಶದ ಮಟ್ಟವನ್ನು ಏರಿಸಬೇಕೋ ಇಳಿಸಬೇಕೋ ಎಂಬ ವಾದ ಹಳೆಯದು. ಏರಿಸಿದರೆ ಬಡವರ ಮಕ್ಕಳು ಹೊರಗುಳಿಯುವರೆಂದು ಒಂದು ಪಕ್ಷ. ಇಳಿಸಿದರೆ ವಿದ್ಯೆ ಹಗುರಾಗುವುದೆಂದು ಇನ್ನೊಂದು ಪಕ್ಷ. ಮಟ್ಟ ಇಳಿದಾಗ ನಿಜವಾಗಿ ಒಳಗೆ ಬರುವವರು ಯಾರೆಂದು ಎರಡು ಪಕ್ಷದವರೂ ಕೇಳುವುದಿಲ್ಲ.

2023ರ ನೀಟ್ ಪರೀಕ್ಷೆಯನ್ನೇ ನೋಡಬಹುದು. 720 ಅಂಕಗಳಲ್ಲಿ 137 ಪಡೆದ ಸಾಮಾನ್ಯ ವರ್ಗದ ಅಭ್ಯರ್ಥಿ ವೈದ್ಯಶಿಕ್ಷಣಕ್ಕೆ ಅರ್ಹನಾದ. ಎಂದರೆ ನೂರಕ್ಕೆ 19. ಈ ಗೆರೆಯನ್ನು ಎಳೆಯುವುದು ಜ್ಞಾನವನ್ನು ನೋಡಿ ಅಲ್ಲ, ಬರೆದವರಲ್ಲಿ ಅರ್ಧದಷ್ಟು ಜನ ಮೇಲೆ ಉಳಿಯುವಂತೆ. ಎಲ್ಲರೂ ಕೆಟ್ಟದಾಗಿ ಬರೆದರೂ ಅರ್ಧದಷ್ಟು ಜನ ಅರ್ಹರೇ! ಆ ವರ್ಷ ಅರ್ಹರಾದವರು 11 ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸೀಟುಗಳಾದರೋ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಸರ್ಕಾರಿ ಸೀಟು ಕೆಲವೇ ಅಂಕಗಳಿಂದ ತಪ್ಪಿದ ಬಡ ವಿದ್ಯಾರ್ಥಿ ಖಾಸಗಿ ಕಾಲೇಜಿನ ಶುಲ್ಕವನ್ನು ಕೇಳಿ ಮನೆಗೆ ಮರಳುತ್ತಾನೆ. ಅವನಿಗಿಂತ ಬಹಳ ಹಿಂದಿದ್ದವನು ಹಣ ಕಟ್ಟಿ ಒಳಗೆ ಹೋಗುತ್ತಾನೆ. ಗೆರೆಯನ್ನು ಕೆಳಗೆ ಎಳೆದಷ್ಟೂ ಸಾಲು ಉದ್ದವಾಗುತ್ತದೆ. ಆ ಸಾಲಿನಿಂದ ಆರಿಸುವ ಅಧಿಕಾರ ಹಣದ ಚೀಲಕ್ಕೆ ದಕ್ಕುತ್ತದೆ. ಬಡವನ ಹೆಸರಿನಲ್ಲಿ ಇಳಿಸಿದ ಮಟ್ಟದ ಫಲವನ್ನು ಧನಿಕನು ಉಣ್ಣುತ್ತಾನೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿದವೆಂದು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಲಾಯಿತು. ಸೇರಿನ ತಳವನ್ನೇ ತೆಗೆದ ಮೇಲೆ ಅಳೆಯುವುದಾದರೂ ಏನನ್ನು?

ಕನ್ನಡ ನಾಡಿಗೆ ಇದು ಹೊಸ ರೋಗವಲ್ಲ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ಇಲ್ಲಿ 1984ರಲ್ಲಿಯೇ ಬಂದಿತ್ತು. ಆದರೂ ಸರ್ಕಾರಿ ಕೋಟಾದ ವೈದ್ಯಕೀಯ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಅದೇ ಕಾಲೇಜಿನ ಅದೇ ಬೆಂಚಿಗೆ ಹೊರರಾಜ್ಯದವರಿಂದ 60,000 ರೂಪಾಯಿವರೆಗೆ ಎಂಬ ವ್ಯವಸ್ಥೆ ನಡೆದಿತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ಖಂಡಿಸಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅದನ್ನು ಬಹುಮಟ್ಟಿಗೆ ಬದಲಿಸಿತು. 1994ರಿಂದ ರಾಜ್ಯದಲ್ಲಿ ಸಿ.ಇ.ಟಿ. ನಡೆಯಿತು. ಅನೇಕ ಸಾಮಾನ್ಯ ಕುಟುಂಬಗಳ ಮಕ್ಕಳು ವೈದ್ಯರೂ ಇಂಜಿನಿಯರರೂ ಆದದ್ದು ಆ ಒಂದೇ ಸೇರಿನ ಬಲದಿಂದ.

ಇಲ್ಲಿ ಒಂದು ವಿವೇಚನೆ ಅಗತ್ಯ. ತಲೆತಲಾಂತರದಿಂದ ವಿದ್ಯೆಯಿಂದ ದೂರವಿಡಲ್ಪಟ್ಟ ಮನೆಗಳ ಮಕ್ಕಳಿಗೆ ಕೊಡುವ ರಿಯಾಯಿತಿಯೂ ಸುಳ್ಳು ಅಳತೆಯೇ ಎಂದು ಕೆಲವರು ವಾದಿಸುತ್ತಾರೆ. ಅದು ಒಪ್ಪತಕ್ಕ ಮಾತಲ್ಲ. ಆ ಅಳತೆ ಎಲ್ಲರ ಕಣ್ಣೆದುರು ಘೋಷಿತವಾದದ್ದು. ಒಳಗೆ ಬಂದ ಮೇಲೆ ಅಂತಿಮ ಪರೀಕ್ಷೆಯೂ ಎಲ್ಲರಿಗೂ ಒಂದೇ. ಮಾರಾಟವಾದ ಸೀಟಿನ ಬಗ್ಗೆ ಯಾರೂ ಫಲಕ ಹಾಕುವುದಿಲ್ಲ.

ಪೂರ್ವಿಕರು ಹಿಡಿದ ದಾರಿ ಬೇರೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಓದುಗರಿಗೆ ಸುಲಭವಾಗಲೆಂದು ಮೊಟಕುಗೊಳಿಸಲಿಲ್ಲ, ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯವರು ಬೋರ್ಡಿಂಗುಗಳನ್ನು ತೆರೆದು ಹಳ್ಳಿಯ ಹುಡುಗರಿಗೆ ಅನ್ನವನ್ನೂ ದೀಪವನ್ನೂ ಒದಗಿಸಿದರು. ಪರೀಕ್ಷೆಯನ್ನು ಹುಡುಗರೇ ಬರೆದು ಗೆದ್ದರು. ಶಾಸ್ತ್ರದಾನವೆಂದರೆ ಅಂದಿನವರು ಇದನ್ನೇ ತಿಳಿದಿದ್ದರು.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಸಾರಿತು. ಸಮಾಜದ ವಿದ್ಯಾಸಂಸ್ಥೆಗಳಿಗೆ ತಮ್ಮವರಿಗಾಗಿ ಸೀಟುಗಳನ್ನು ಮೀಸಲಿಡಲು ಇದು ಅನುಕೂಲವಾಗಿದೆ. ಆ ಸೀಟುಗಳು ಬೆಳಗಾವಿ ಜಿಲ್ಲೆಯ ಜೈನ ರೈತನ ಮಗಳಿಗೆ ಸಲ್ಲುವುವೋ, ದೊಡ್ಡ ದಾನಿಯ ಮೊಮ್ಮಗನಿಗೋ ಎಂಬುದನ್ನು ಯಾವ ಕಾನೂನಿಗಿಂತ ಮೊದಲು ಆಡಳಿತ ಮಂಡಳಿಗಳೇ ನಿರ್ಧರಿಸುತ್ತವೆ. ಪ್ರತಿವರ್ಷ ಕೊನೆಯ ಸೀಟು ಎಷ್ಟು ಅಂಕಕ್ಕೆ, ಎಷ್ಟು ಶುಲ್ಕಕ್ಕೆ ಹೋಯಿತೆಂಬುದನ್ನು ಅವು ಸೂಚನಾಫಲಕದಲ್ಲಿ ಬರೆದು ಹಾಕಲಿ. ಓದುವವರು ಓದಿಕೊಳ್ಳುತ್ತಾರೆ.