ಕಾಲ್ಚೆಂಡಿನ ಕಾಲಜ್ಞಾನಿಗಳು

ಯುಗಾದಿಯ ಸಂಜೆ ಪಂಚಾಂಗಶ್ರವಣಕ್ಕೆ ಕುಳಿತವರು, ಆ ಸಂವತ್ಸರದಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಯವನಿಗೆ ಆದಾಯವೆಷ್ಟು ವ್ಯಯವೆಷ್ಟು ಎಂಬುದನ್ನೆಲ್ಲ ಭಕ್ತಿಯಿಂದ ಕೇಳಿ ತಲೆದೂಗಿ ಏಳುವರೇ ಹೊರತು, ವರ್ಷಾಂತ್ಯದಲ್ಲಿ ಅದೇ ಪಂಚಾಂಗವನ್ನು ಕಂಕುಳಲ್ಲಿ ಇರುಕಿಕೊಂಡು ಪುರೋಹಿತರ ಮನೆಗೆ ಹೋಗಿ ಲೆಕ್ಕ ಒಪ್ಪಿಸಿರೆಂದು ಕೇಳಿದವನನ್ನು ನಾನು ಕಾಣೆ. ನಾಲ್ಕು ವರ್ಷಗಳಿಗೊಮ್ಮೆ, ಫುಟ್ಬಾಲ್ ವಿಶ್ವಕಪ್ಪಿನ ಮುಂಚಿನ ದಿನಗಳಲ್ಲಿ, ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡ ಗೌತಮಪುರದ ಚಹದಂಗಡಿಯ ಮುಂದೆ ನಡೆಯುವ ನಮ್ಮ ಪಂಚಾಂಗಶ್ರವಣದಲ್ಲಿ ಆ ದಾಕ್ಷಿಣ್ಯವಿಲ್ಲ. ಇಲ್ಲಿ ಪ್ರತಿಯೊಬ್ಬನ ಭವಿಷ್ಯವಾಣಿಯೂ ಬರಹಕ್ಕಿಳಿಯುತ್ತದೆ, ಕೆಳಗೆ ಸಹಿ ಬೀಳುತ್ತದೆ. ಆ ಕಡತವನ್ನು ಕಾಯುವ ಚಿತ್ರಗುಪ್ತ ನಾನು.

ಈ ಓಣಿಗಳನ್ನು ಕಾಣದವರಿಗೆ ಒಂದು ಮಾತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್, ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರಲ್ಲಿ ಒಬ್ಬರೆಂದು ಹೆಸರಾದ ಅಹಮದ್ ಖಾನ್, ಇವರೆಲ್ಲ ಬೆಂಗಳೂರಿನವರು. ಆ ಕಾಲದ ಹುಚ್ಚು ಇನ್ನೂ ಇಳಿಯದೆ ಉಳಿದಿರುವುದು ಇಂಥ ಕೇರಿಗಳಲ್ಲಿಯೇ. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ಉಂಟು. ಅಂಥ ದೇವರ ಎದುರಿಗೆ ಕುಳಿತು ಭವಿಷ್ಯ ನುಡಿಯುವವರಿಗೆ ಧೈರ್ಯ ತಾನಾಗಿಯೇ ಬರುತ್ತದೆ.

ನನ್ನ ಕಡತವೆಂದರೆ ಕೆಂಪು ಬಟ್ಟೆಯ ಬೆನ್ನುಪಟ್ಟಿಯ ಒಂದು ಉದ್ದ ಲೆಕ್ಕದ ಪುಸ್ತಕ. 1986ರಲ್ಲಿ, ನೆರೆಮನೆಯ ಟೆಲಿವಿಷನ್ನಿನ ಮುಂದೆ ನಡುರಾತ್ರಿ ಮೀರಿ ಕುಳಿತು ಮೆಕ್ಸಿಕೋದ ಪಂದ್ಯಗಳನ್ನು ನೋಡಿದ ವರ್ಷ, ಅದರ ಮೊದಲ ಪುಟ ತುಂಬಿತು. ಎಡಗಡೆಯ ಅಂಕಣದಲ್ಲಿ ಹೆಸರು, ಮಧ್ಯದಲ್ಲಿ ಗೆಲ್ಲುವ ತಂಡ, ಬಲಗಡೆಯಲ್ಲಿ ಎಲ್ಲಕ್ಕಿಂತ ಅಗಲವಾಗಿ ಕಾರಣ. ಕಾರಣವಿಲ್ಲದ ಭವಿಷ್ಯವನ್ನು ನಾನು ದಾಖಲು ಮಾಡುವುದಿಲ್ಲ. ಪಣವೆಂದರೆ ಒಂದು ಖಾರಾ ಬನ್ನು, ಒಂದು ಲೋಟ ಚಹ. ಅದಕ್ಕೆ ಮೇಲೆ ಏರುವಂತಿಲ್ಲ. 2022ರ ಪುಟದಲ್ಲಿ ಒಂದು ಹೆಸರಿಗೆ ಕಾಟು ಬಿದ್ದಿದೆ. ಅರ್ಜೆಂಟೀನ ಎಂದು ಬರೆಯಿಸಿದ್ದ ತರುಣನೊಬ್ಬ, ಮೊದಲನೆಯ ಪಂದ್ಯದಲ್ಲಿಯೇ ಸೌದಿ ಅರೇಬಿಯಾ ಅದನ್ನು 2–1ರಿಂದ ಸೋಲಿಸಿದ ದಿನ, ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ತಾನೇ ಗೆರೆ ಎಳೆದ. ತಿಂಗಳಾಗುವ ಮುನ್ನ ಕಪ್ಪು ಅರ್ಜೆಂಟೀನಕ್ಕೇ ಸಂದಿತು. ಹೊಡೆದುಹಾಕಿದ್ದು ಊರ್ಜಿತವೇ ಅಲ್ಲವೇ ಎಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಆ ಖಾರಾ ಬನ್ನು ಇಂದಿಗೂ ಬಾಕಿ.

ಈ ಸಲದ ಸಭೆಯ ಸ್ವಾರಸ್ಯವೇ ಬೇರೆ. ಕಾರಣದ ಅಂಕಣಕ್ಕೆ ಮೊದಲು ಬಂದದ್ದು ಗಣಿತ. "ಲೆಕ್ಕ ಹಾಕಿ ಸಾರ್," ಎಂದ ನಮ್ಮ ಪೈಕಿ ಆಟೋ ಓಡಿಸುವವನು, "ಎಪ್ಪತ್ತರಲ್ಲಿ ಬ್ರೆಜಿಲ್ ಗೆದ್ದಮೇಲೆ ತೊಂಬತ್ನಾಲ್ಕರವರೆಗೂ ಕಪ್ ಇಲ್ಲ, ಇಪ್ಪತ್ನಾಲ್ಕು ವರ್ಷ. ಎರಡು ಸಾವಿರದ ಎರಡರಲ್ಲಿ ಗೆದ್ದಮೇಲೆ ಈಗ ಮತ್ತೆ ಇಪ್ಪತ್ನಾಲ್ಕು ವರ್ಷ. ಆವಾಗ ಗೆದ್ದಿದ್ದೂ ಅಮೆರಿಕದಲ್ಲೇ. ಇನ್ನೇನ್ ಬೇಕು?" ಗ್ರಹಗತಿಯಷ್ಟು ನಿಖರವಾದ ಈ ಯೋಗಕ್ಕೆ ಸಭೆ ಒಂದು ಕ್ಷಣ ಮೂಕವಾಯಿತು. ಆಗ ಮೂಲೆಯಿಂದ ಎದ್ದಿತು ಪೂರ್ವಪಕ್ಷ: "ಹೊರದೇಶದ ಕೋಚ್ ಇಟ್ಕೊಂಡು ವಿಶ್ವಕಪ್ ಗೆದ್ದ ತಂಡ ಇವತ್ತಿನ ತನಕ ಒಂದಾದ್ರೂ ಇದ್ಯಾ ಗುರು? ಅದೂ ಆ ಆಂಚೆಲೊಟ್ಟಿ ಇಟಲಿಯವನು. ಎಂಬತ್ತೆರಡು ಮರೆತುಹೋಯ್ತಾ?" ಬಾರ್ಸಿಲೋನಾದಲ್ಲಿ ಇಟಲಿಯ ಪಾವ್ಲೊ ರೊಸ್ಸಿ ಒಬ್ಬನೇ ಮೂರು ಗೋಲು ಹೊಡೆದು, ಜೀಕೊ–ಸೊಕ್ರಟೀಸರ ಬ್ರೆಜಿಲನ್ನು 3–2ರಿಂದ ಮನೆಗೆ ಕಳುಹಿಸಿದ ಆ ದಿನದ ಹೆಸರೆತ್ತಿದರೆ, ಅಂದಿನ್ನೂ ಹುಟ್ಟದಿದ್ದವರೂ ನಮ್ಮಲ್ಲಿ ನಿಟ್ಟುಸಿರಿಡುತ್ತಾರೆ. ಆಟೋದವನು ಮಾತ್ರ ಸೋಲಲಿಲ್ಲ. "ಅವತ್ತು ಕೆಡಿಸಿದೋರೇ ಇವತ್ತು ಸರಿ ಮಾಡ್ಬೇಕು ಸಾರ್, ಅದೇ ನ್ಯಾಯ," ಎಂದ. ಇದನ್ನೂ ಬಲಗಡೆಯ ಅಂಕಣದಲ್ಲಿ ಅಕ್ಷರಶಃ ಬರೆದುಕೊಂಡೆ.

ಭವಿಷ್ಯ ಸುಳ್ಳಾಗುವುದೆಂಬ ಭಯ ನಮಗಿಲ್ಲವೇ ಎಂದರೆ, ಸುಳ್ಳಾಡುವುದರಲ್ಲಿ ನಮಗಿಂತ ದೊಡ್ಡವರು ಆಗಿಹೋಗಿದ್ದಾರೆ. 1950ರಲ್ಲಿ ರಿಯೊ ನಗರದ ಪತ್ರಿಕೆಯೊಂದು, ಉರುಗ್ವೆಯೊಡನೆ ನಿರ್ಣಾಯಕ ಪಂದ್ಯ ನಡೆಯುವುದಕ್ಕೆ ಮೊದಲೇ, ಬ್ರೆಜಿಲ್ ತಂಡದ ಚಿತ್ರವನ್ನು ವಿಶ್ವವಿಜೇತರೆಂದು ಅಚ್ಚು ಹಾಕಿತು. ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ 2–1ರಿಂದ ಗೆದ್ದಿತು. 2002ರಲ್ಲಿ ಹಾಲಿ ವಿಜೇತ ಫ್ರಾನ್ಸು ಒಂದೇ ಒಂದು ಗೋಲು ಹೊಡೆಯದೆ ಹಿಂತಿರುಗಿತು. ಅಷ್ಟೇಕೆ, 1994ರಲ್ಲಿ ಕೊಲಂಬಿಯಾದ ಮೇಲೆ ಭರವಸೆಯಿಟ್ಟು ನುಡಿದವನು ಸಾಕ್ಷಾತ್ ಪೆಲೆಯೇ. ಕೊಲಂಬಿಯಾ ಗುಂಪಿನ ಹಂತವನ್ನೇ ದಾಟಲಿಲ್ಲ. ಚೆಂಡು ಯಾರ ಮಾತನ್ನು ಕೇಳುತ್ತಿತ್ತೋ ಅವನ ವಾಣಿಯನ್ನೂ ವಿಧಿ ಕೇಳಲಿಲ್ಲವೆಂದ ಮೇಲೆ, ಅವನ ಪ್ರತಿಮೆಯ ಇದಿರು ಕುಳಿತ ನಮ್ಮ ಪಾಡೇನು!

ಒಂದೇ ಒಂದು ಪ್ರಾಣಿ ಈ ವಿದ್ಯೆಯಲ್ಲಿ ಸಿದ್ಧಿ ಪಡೆದದ್ದುಂಟು. ಜರ್ಮನಿಯ ಓಬರ್‌ಹೌಸನ್ ಊರಿನ ಜಲಚರ ಸಂಗ್ರಹಾಲಯದಲ್ಲಿದ್ದ ಪೌಲ್ ಎಂಬ ಆಕ್ಟೋಪಸ್, 2010ರಲ್ಲಿ ಜರ್ಮನಿಯ ಏಳು ಪಂದ್ಯಗಳನ್ನೂ ಕೊನೆಗೆ ಫೈನಲನ್ನೂ, ಒಟ್ಟು ಎಂಟಕ್ಕೆ ಎಂಟನ್ನೂ ಸರಿಯಾಗಿ ಸೂಚಿಸಿತು. ತನ್ನ ಎಂಟು ಬಾಹುಗಳಿಗೆ ಒಂದೊಂದರಂತೆ. ಲೋಕವೆಲ್ಲ ಕೊಂಡಾಡಿದ ಆ ಮಹಾನುಭಾವನಿಗೆ ನಮ್ಮ ಬೆಂಚಿನ ಮೇಲೆ ಜಾಗ ಕೊಡಲು ನಾನು ಒಲ್ಲೆ. ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ತೆರೆದು ಒಳಗಿನ ಚಿಪ್ಪುಮೀನನ್ನು ತಿಂದು ಸುಮ್ಮನಾಗುವುದು ಭವಿಷ್ಯಜ್ಞಾನವಾಗಬಹುದು, ಸಂಭಾಷಣೆಯಾಗಲಾರದು. ಅದರ ಕಾರಣದ ಅಂಕಣ ಖಾಲಿ. ನಾನಾದರೋ ಹತ್ತು ವಿಶ್ವಕಪ್ಪುಗಳಲ್ಲಿ ಹತ್ತು ಸಲವೂ ಬ್ರೆಜಿಲ್ ಎಂದೇ ಬರೆದು, ಎರಡೇ ಸಲ ನಿಜವಾಡಿದವನು; ಆದರೆ ಸುಳ್ಳಾದ ಎಂಟು ಪುಟಗಳನ್ನು ತೆರೆದಾಗಲೇ, ಇಂದು ಇಲ್ಲದವರ ಮಾತು, ಅವರ ಮೊಂಡುತನ, ಅವರು ಮೇಜು ಗುದ್ದಿದ ಸದ್ದು ನನಗೆ ಕೇಳಿಸುವುದು. ಸರಿಯಾದ ಊಹೆ ಅದೃಷ್ಟದಿಂದ ದೊರೆಯುತ್ತದೆ. ತಪ್ಪಾದ ಊಹೆಯನ್ನು ಮನುಷ್ಯನು ಬುದ್ಧಿ ಖರ್ಚು ಮಾಡಿ ಕಟ್ಟಬೇಕು.

ಈ ಸಲ ತಂಡಗಳು 48, ಗುಂಪುಗಳು 12, ಪಂದ್ಯಗಳು 104. ಹಳೆಯ ಅಳತೆಯ ಪುಟ ಸಾಲದೆ, ಎರಡು ಹಾಳೆಗಳನ್ನು ಮೈದಾಹಿಟ್ಟಿನ ಅಂಟಿನಿಂದ ಜೋಡಿಸಿ, ನಿನ್ನೆ ರಾತ್ರಿ ಅಡ್ಡಗೆರೆ ಎಳೆದು ಮುಗಿಸಿದೆ. ಮೊದಲ ಪಂದ್ಯ ಜೂನ್ 11ರಂದು, ನನ್ನ ಪುಸ್ತಕ ಹುಟ್ಟಿದ ವರ್ಷ ಮಾರಡೋನ ಕಪ್ಪೆತ್ತಿದ ಅದೇ ಅಜ್ಟೆಕಾ ಕ್ರೀಡಾಂಗಣದಲ್ಲಿ. ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಓದುಗರು ಆ ಕಡೆ ಬಂದರೆ ತಮ್ಮ ತಂಡದ ಹೆಸರನ್ನು ಬರೆಯಿಸಬಹುದು. ಕಾರಣವನ್ನು ಮಾತ್ರ ಮರೆಯದೆ ತರತಕ್ಕದ್ದು.