ಸೀತಾಳೆದಂಡೆ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆ ಹಳೆಯ ಮರಗಳ ಕೊಂಬೆಗಳಲ್ಲಿ, ಮಳೆಗಾಲ ಮೊದಲಾಗುವ ಹೊತ್ತಿಗೆ, ಆರ್ಕಿಡ್ ಜಾತಿಯ ಸೀತಾಳೆದಂಡೆಯ ಗೊಂಚಲುಗಳು ತೂಗುವುವು. ಇದನ್ನು ಬಂದಳಿಕೆಯೆಂದು ಬಗೆದು ಕಿತ್ತೆಸೆಯುವವರುಂಟು. ಇದಾದರೋ ಮರದ ರಸವನ್ನು ಹೀರದು; ನೆಲೆಯನ್ನು ಮಾತ್ರ ಬೇಡುವುದು.

ಧೂಳಿನಂತಹ ಇದರ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ಕಾಡಿನಲ್ಲಿ ಸೂಕ್ಷ್ಮ ಶಿಲೀಂಧ್ರವು ಉಣಿಸಿದರಲ್ಲದೆ ಅದು ಮೊಳೆತು ಬೆಳೆಯದು. ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿಯು ಆರ್ಕಿಡ್ ಬೀಜಗಳನ್ನು ಶಿಲೀಂಧ್ರವಿಲ್ಲದೆಯೇ ಸಕ್ಕರೆ, ಲವಣಗಳ ಪಾಕದಲ್ಲಿ ಮೊಳೆಯಿಸಿದುದನ್ನು 1922ರಲ್ಲಿ ಪ್ರಕಟಿಸಿದನು. ಈಗ ಸೀಸೆಯೊಳಗೆ ಸಸಿಗಳನ್ನು ಬೆಳೆಸಬಹುದು. ಆದರೆ ಅವುಗಳಿಗೆ ಮರವನ್ನೂ ಕೀಟವನ್ನೂ ಒದಗಿಸುವುದು ಕಾಡೇ.

ನಾವು ಹಿತ್ತಿಲ ಮುದಿಹಲಸನ್ನು ಕಡಿಸಬೇಕಾದಾಗ ಗಿಡವನ್ನು ಬೇರು ನೋಯದಂತೆ ಬಿಡಿಸಿ, ಬಾಳೆನಾರಿನಿಂದ ನೆರೆಯ ಮಾವಿಗೆ ಕಟ್ಟಿದೆವು. ಮಳೆಗಾಲದಲ್ಲಿ ಹೊಸ ಬೇರುಗಳು ತೊಗಟೆಯನ್ನು ಹಿಡಿದುವು. ಮರ ಕಡಿಸುವ ಮುನ್ನ ಗೃಹಸ್ಥರು ಒಮ್ಮೆ ಕೊಂಬೆಗಳನ್ನು ನೋಡುವರಾದರೆ ಪ್ರಯೋಗಶಾಲೆಯ ಶ್ರಮವೂ ಸಾರ್ಥಕವಾದೀತು.